ಒಂಬತ್ತನೇ ನಂಬರಿನ ಆಳ

ನಮ್ಮೂರಿನಲ್ಲಿ ನದಿಯ ಆಳ ಅಳೆಯುವುದಕ್ಕೆ ಕೋಲು ಬಳಸುವುದಿಲ್ಲ. ಜನರನ್ನು ಬಳಸುತ್ತಾರೆ.

ಒಂದು ಕಾಲದಲ್ಲಿ ಕೋಲು ಇತ್ತಂತೆ. ಕೆಂಪು ಬಿಳಿ ಪಟ್ಟೆಯ ಉದ್ದ ಕೋಲು. ಸೆಳವಿಗೆ ಕೊಚ್ಚಿಕೊಂಡು ಹೋಗುತ್ತಿತ್ತು. ಕೋಲು ಹೋದರೆ ಸರ್ಕಾರಕ್ಕೆ ನಷ್ಟ, ಯಾರಾದರೂ ಉತ್ತರ ಕೊಡಬೇಕು. ಮನುಷ್ಯ ಹೋದರೆ ಅವನ ಮನೆಯವರು ಅಳುತ್ತಾರೆ, ಅಷ್ಟೇ. ಹಾಗಾಗಿ ಕೆಳದಂಡೆಯವರನ್ನು ನೀರಿಗೆ ಇಳಿಸಿದರು. ಕೆಳದಂಡೆಯವರು ಅಂದರೆ ನಾವು. ಊರಿನವರು ನಮ್ಮನ್ನು ನೀರಿನವರು ಅನ್ನುತ್ತಾರೆ. ಅನ್ನುವಾಗ ಅವರ ಮೂಗು ಸ್ವಲ್ಪ ಮುದುಡುತ್ತದೆ.

ಊರು ಹೇಗಿದೆ ಅಂತ ಹೇಳಿಬಿಡುತ್ತೇನೆ. ಗುಡ್ಡದ ತಲೆಯ ಮೇಲೆ ಹಳೇ ಕೋಟೆ. ಅದರ ಕೆಳಗೆ ಕಚೇರಿಗಳು, ಅಂಗಡಿ ಬೀದಿ, ಮಹಡಿ ಮನೆಗಳು. ಅದರ ಕೆಳಗೆ ನೂರಾ ಹನ್ನೆರಡು ಮೆಟ್ಟಿಲು. ಮೆಟ್ಟಿಲು ಮುಗಿದ ಮೇಲೆ ನಾವು, ನಾಲ್ಕು ಸಾಲು ತಗಡಿನ ಮನೆ. ನಮ್ಮ ಆಚೆ ನದಿ. ನದಿಯ ಆಚೆ ಬೇರೆ ದೇಶ. ಸೇತುವೆಯ ಬುಡದಲ್ಲಿ ಊರಿನ ಇತಿಹಾಸ ಕೆತ್ತಿದ ಕಲ್ಲಿದೆ. ಯಾವ ರಾಜ ಕೋಟೆ ಕಟ್ಟಿಸಿದ, ಯಾವ ಸೇನಾಪತಿ ಸೇತುವೆ ಉಡಾಯಿಸಿದ, ಯಾವ ಮಂತ್ರಿ ಮತ್ತೆ ಕಟ್ಟಿಸಿದ, ಎಲ್ಲಾ ಇದೆ. ಆ ಕಲ್ಲನ್ನು ಗುಡ್ಡದಿಂದ ಹೊತ್ತು ತಂದವರು ನಮ್ಮ ಅಜ್ಜಂದಿರು. ಅದು ಇಲ್ಲ.

ಎರಡು ದೇಶಗಳು ಹೊಡೆದಾಡಿ ಸುಸ್ತಾದ ಮೇಲೆ ಒಂದು ಒಪ್ಪಂದ ಆಯಿತು. ನದಿಯಲ್ಲಿ ಎಲ್ಲಿ ನೀರು ಎಲ್ಲಕ್ಕಿಂತ ಆಳವೋ ಅಲ್ಲಿ ಗಡಿ. ನದಿ ಪ್ರತಿ ಪ್ರವಾಹಕ್ಕೂ ಮಗ್ಗುಲು ಬದಲಿಸುತ್ತದೆ, ಅದಕ್ಕೇ ಪ್ರತಿ ವರ್ಷ ನೀರು ಇಳಿದ ಮೇಲೆ ಅಳತೆ. ಗಡಿಯಿಂದ ಇನ್ನೂರು ಹೆಜ್ಜೆಯೊಳಗೆ ಯಾರ ಮನೆಯೂ ಇರಕೂಡದು. ಮೂರು ವರ್ಷ ಸತತವಾಗಿ ಗಡಿ ಹಾಗೆ ಹತ್ತಿರ ಬಂದರೆ ಮನೆ ಕೀಳಬೇಕು. ಎರಡೂ ಕಡೆಯವರು ರುಜು ಹಾಕಿದ ಕಾನೂನು ಇದು.

ಅಳತೆಯ ದಿನ ಈ ದಡದಿಂದ ಆ ದಡಕ್ಕೆ ಹಗ್ಗ ಕಟ್ಟುತ್ತಾರೆ. ಹಗ್ಗ ಹಿಡಿದು ಇಪ್ಪತ್ತನಾಲ್ಕು ಜನ ನೀರಿಗೆ ಇಳಿಯುತ್ತಾರೆ. ಹದಿನೈದು ಹೆಜ್ಜೆಗೆ ಒಬ್ಬರು. ಪ್ರತಿಯೊಬ್ಬರಿಗೂ ನಂಬರು. ಸೀಟಿ ಊದಿದ ಕೂಡಲೇ ನೀರು ಮೈಯ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಕೈ ಇಟ್ಟು ನಿಲ್ಲಬೇಕು. ದಡದಲ್ಲಿ ಕೂತ ದುರ್ಬೀನಿನವ ನೋಡಿ ಕೂಗುತ್ತಾನೆ: ಐದು, ಮೊಣಕಾಲು. ಒಂಬತ್ತು, ಸೊಂಟ. ಹದಿನಾಲ್ಕು, ಎದೆ. ಗುಮಾಸ್ತ ಬರೆದುಕೊಂಡು ಪಟ್ಟಿ ನೋಡಿ ಅಡಿ ಲೆಕ್ಕಕ್ಕೆ ತಿರುಗಿಸುತ್ತಾನೆ. ಪಟ್ಟಿ ಕಚೇರಿಯ ಗೋಡೆಯ ಮೇಲಿದೆ, ಕಟ್ಟು ಹಾಕಿಸಿ ನೇತುಹಾಕಿದ್ದಾರೆ. ಸೊಂಟ, ಮೂರೂವರೆ ಅಡಿ. ಎದೆ, ನಾಲ್ಕೂವರೆ ಅಡಿ. ಕುತ್ತಿಗೆ, ಐದು ಅಡಿ. ಅರವತ್ತು ವರ್ಷದ ಹಿಂದೆ ಯಾವನೋ ಎತ್ತರದ ಗಂಡಸನ್ನು ನಿಲ್ಲಿಸಿ ಮಾಡಿದ ಪಟ್ಟಿ.

ಸಾಹೇಬರುಗಳ ಚಹಾ ಮುಗಿದು ಎರಡನೇ ಸೀಟಿ ಆಗುವವರೆಗೆ ಯಾರೂ ಮೇಲೆ ಬರುವ ಹಾಗಿಲ್ಲ. ಐದು ಗಂಟೆ, ಆರು ಗಂಟೆ. ತಳದಲ್ಲಿ ಹಳೇ ಸೇತುವೆಯ ಕಬ್ಬಿಣದ ಚೂರುಗಳಿವೆ, ಕಾಲು ಸೀಳುತ್ತದೆ. ಅಂಗೈ ತೊಗಲು ಬೆಳ್ಳಗೆ ಉಬ್ಬಿ ಸುಲಿಯುತ್ತದೆ. ಉಚ್ಚೆ ಬಂದರೆ ನಿಂತಲ್ಲೇ. ಹೆಂಗಸರಾದರೂ ನಿಂತಲ್ಲೇ.

ಆ ಗುಮಾಸ್ತ ನಾನು.

ಒಂಬತ್ತನೇ ನಂಬರು ನಮ್ಮ ಮನೆಯದು. ಅಜ್ಜ ನಿಂತಿದ್ದ, ಆಮೇಲೆ ಅಪ್ಪ. ಅಪ್ಪ ಎತ್ತರದ ಆಳು, ಬಾಗಿಲಲ್ಲಿ ಬಗ್ಗಿ ಬರುತ್ತಿದ್ದ. ಅಕ್ಕ ಅವನ ಭುಜದವರೆಗೂ ಬರುತ್ತಿರಲಿಲ್ಲ. ಗಿಡ್ಡಿ ಅಂತಲೇ ಅವಳನ್ನು ಕರೆಯುತ್ತಿದ್ದ. ಕೆಳದಂಡೆಯಲ್ಲಿ ಎಲ್ಲರಿಗೂ ಅವಳು ಗಿಡ್ಡಿಯೇ. ಎತ್ತರವೆಲ್ಲಾ ನನಗೆ ಬಂದಿತ್ತು. ಶಾಲೆಯೂ ನನಗೇ ಬಂತು. ಅಕ್ಕ ಮೂರನೇ ಕ್ಲಾಸಿಗೆ ಬಿಟ್ಟು ಮರಳು ಹೊರುವುದಕ್ಕೆ ಹೋದಳು. ನಾನು ಓದಿದೆ. ಗುಮಾಸ್ತನ ಕೆಲಸದ ಅರ್ಜಿಯಲ್ಲಿ ಮೇಲಿನ ಬೀದಿಯ ವಿಳಾಸ ಬರೆದೆ. ತಂದೆ ತಾಯಿ ತೀರಿಕೊಂಡಿದ್ದಾರೆ, ಅಕ್ಕ ತಂಗಿ ಅಣ್ಣ ತಮ್ಮ ಯಾರೂ ಇಲ್ಲ ಅಂತ ಬರೆದೆ. ಅವತ್ತು ಅಪ್ಪ ಮನೆಯಲ್ಲಿ ಕೂತು ಬಲೆ ಹೊಲಿಯುತ್ತಿದ್ದ.

ಅಪ್ಪ ನಿಜವಾಗಿ ಸತ್ತಿದ್ದು ಆಮೇಲೆ, ಒಂದು ಅಳತೆ ಮುಗಿದ ಎಂಟನೇ ದಿನ. ಎದೆಯಲ್ಲಿ ಕಫ ಕಟ್ಟಿತ್ತು. ನಮ್ಮಲ್ಲಿ ಅಪ್ಪ ಸತ್ತರೆ ಮಗ ನಿಲ್ಲಬೇಕು. ಇಲ್ಲದಿದ್ದರೆ ಮನೆಯ ನಂಬರು ಹೋಗುತ್ತದೆ, ನಂಬರಿಗೆ ಸಿಗುವ ಕೂಲಿ ಹೋಗುತ್ತದೆ. ಅಕ್ಕ ಮೆಟ್ಟಿಲ ಹತ್ತಿರ ನನ್ನನ್ನು ಹಿಡಿದು ಕೇಳಿದಳು.

"ನೀನು ನಿಲ್ತೀಯೇನೋ?"

ನಾನು ನನ್ನ ಬೂಟು ನೋಡಿಕೊಂಡೆ. ಅವಳೂ ನೋಡಿದಳು.

"ಹೋಗ್ಲಿ ಬಿಡು. ನಾನೇ ನಿಲ್ತೀನಿ. ನಿನ್ನ ಕೆಲ್ಸ ಕೆಡೋದು ಬೇಡ."

ಅಪ್ಪನ ಅಂಗಿ ಹಾಕಿಕೊಂಡು ನಿಂತಳು. ಅಂಗಿ ಅವಳ ಮೊಣಕಾಲಿನ ಕೆಳಗೆ ಬರುತ್ತಿತ್ತು. ಆ ವರ್ಷ ಸೀಟಿ ಆಯಿತು, ದುರ್ಬೀನಿನವ ಕೂಗಿದ: "ಒಂಬತ್ತು, ಕುತ್ತಿಗೆ."

ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು. ಅಪ್ಪನ ಕಾಲದಲ್ಲಿ ಒಂಬತ್ತು ಯಾವತ್ತೂ ಸೊಂಟ ದಾಟಿರಲಿಲ್ಲ. ಹದಿನಾಲ್ಕರವನು ಯಾವಾಗಲೂ ಎದೆ, ಗಡಿ ಯಾವಾಗಲೂ ಅಲ್ಲೇ. ನದಿಗೆ ಏನೂ ಆಗಿರಲಿಲ್ಲ. ನಿಂತವರು ಬದಲಾಗಿದ್ದರು, ಪಟ್ಟಿ ಬದಲಾಗಿರಲಿಲ್ಲ. ಇಡೀ ಕಚೇರಿಯಲ್ಲಿ ಅದು ನನಗೊಬ್ಬನಿಗೇ ಗೊತ್ತಾಗುವ ವಿಷಯ. ದುರ್ಬೀನಿನಲ್ಲಿ ಕೈ ಕಾಣುತ್ತದೆ, ನೀರು ಕಾಣುತ್ತದೆ. ನೀರಲ್ಲಿ ನಿಂತವರ ಎತ್ತರ ಎಷ್ಟು ಅಂತ ದಡದಲ್ಲಿ ಕೂತವರು ಯಾಕೆ ನೋಡುತ್ತಾರೆ?

ಬಾಯಿ ತೆಗೆಯಬಹುದಿತ್ತು. ಸಾರ್, ಒಂಬತ್ತರವಳು ಕುಳ್ಳಿ ಅನ್ನಬಹುದಿತ್ತು. ನಿನಗೆ ಹೇಗಯ್ಯಾ ಗೊತ್ತು ಅನ್ನುತ್ತಿದ್ದರು. ಆ ಒಂದು ಪ್ರಶ್ನೆಗೆ ಹೆದರಿ ನಾನು ಬರೆದೆ: ಒಂಬತ್ತು, ಐದು ಅಡಿ.

ಹಾಗೆ ಗಡಿ ಹದಿನಾಲ್ಕರಿಂದ ಒಂಬತ್ತಕ್ಕೆ ಜಿಗಿಯಿತು. ಇನ್ನೂರ ಹತ್ತು ಹೆಜ್ಜೆ ದೂರ ಇದ್ದದ್ದು ನೂರ ಮೂವತ್ತೈದಕ್ಕೆ ಬಂತು. ಆ ದೇಶದ ಅಧಿಕಾರಿಗೆ ಖುಷಿಯೋ ಖುಷಿ, ಕೂತಲ್ಲೇ ಅಷ್ಟು ನದಿ ಸಿಕ್ಕಿತು. ನಮ್ಮ ದೊಡ್ಡ ಸಾಹೇಬರಿಗೂ ಬೇಸರ ಆಗಲಿಲ್ಲ. ಅವರ ಮೇಜಿನ ಗಾಜಿನ ಕೆಳಗೆ ಒಂದು ನಕ್ಷೆ ಇತ್ತು, ನದಿಯ ದಡದಲ್ಲಿ ಕಲ್ಲು ಹಾಸಿದ ದಾರಿ, ಬೆಂಚು, ದೀಪದ ಕಂಬ. ದಾರಿ ಹಾದುಹೋಗುವುದು ನಮ್ಮ ನಾಲ್ಕು ಸಾಲುಗಳ ಮೇಲೆ.

"ನೀರು ಹೋದ್ರೆ ಹೋಗ್ಲಿ ಬಿಡಯ್ಯಾ, ಕೊಳಕು ಹೋಗುತ್ತಲ್ಲ," ಅಂದರು ಸಾಹೇಬರು. ನಾನು ನಕ್ಕೆ. ಅದನ್ನೂ ಬರೆಯಬೇಕು. ನಾನು ನಕ್ಕಿದ್ದೆ.

ಎರಡನೇ ವರ್ಷವೂ ಹಾಗೇ ಬರೆದೆ. ಎರಡನೇ ಸಲ ಬರೆಯುವಾಗ ಕೈ ನಿಲ್ಲಲಿಲ್ಲ.

ಮೂರನೇ ಅಳತೆಗೆ ಒಂದು ತಿಂಗಳಿರುವಾಗ ಕೆಳದಂಡೆಗೆ ನೋಟೀಸು ಹೋಯಿತು. ಈ ಸಲವೂ ಗಡಿ ಒಂಬತ್ತರಲ್ಲೇ ನಿಂತರೆ ಮೂವತ್ತು ದಿನದಲ್ಲಿ ಜಾಗ ಖಾಲಿ ಮಾಡತಕ್ಕದ್ದು. ಆ ಕಾಗದ ಟೈಪು ಮಾಡಿದವನೂ ನಾನೇ. ಮೂರನೇ ದಿನ ಅಕ್ಕ ಅದನ್ನು ಹಿಡಿದು ಕಚೇರಿಗೆ ಬಂದಳು.

ನೀರಿನವರು ಮುಂಬಾಗಿಲಿಂದ ಬರುವ ಹಾಗಿಲ್ಲ. ನೆಲದ ಮೇಲೆ ಕೆಸರಾಗುತ್ತದೆ ಅಂತ ಹೇಳುತ್ತಾರೆ. ಹಿತ್ತಲ ಕಡೆ ಒಂದು ಕಿಟಕಿ ಇದೆ, ಅಲ್ಲಿ ನಿಂತು ಕೇಳಬೇಕು. ಆ ಕಿಟಕಿಯ ಪಕ್ಕದ ಮೇಜು ನನ್ನದು. ಕಿಟಕಿ ಅವಳಿಗೆ ಎತ್ತರ. ಹಣೆ, ಕಣ್ಣು, ಸರಳು ಹಿಡಿದ ಬೆರಳು, ಅಷ್ಟೇ ಕಾಣುತ್ತಿತ್ತು.

"ಸಾಹೇಬ್ರೇ," ಅಂದಳು. "ಇದೇನಂತ ಸ್ವಲ್ಪ ಓದಿ ಹೇಳ್ತೀರಾ?"

ಹಿಂದೆ ದುರ್ಬೀನಿನವ ಚಹಾ ಹೀರುತ್ತಾ ಕೂತಿದ್ದ. ನಾನು ಹಾಲು ಹಲ್ಲು ಉದುರಿಸಿದ್ದು, ಹಾಸಿಗೆ ಒದ್ದೆ ಮಾಡಿದ್ದು, ಎಲ್ಲಾ ಬಲ್ಲ ಬಾಯಿ ನನ್ನನ್ನು ಸಾಹೇಬ್ರೇ ಅಂದಿತು. ಅವನು ಕೇಳಿಸಿಕೊಳ್ಳಲಿ ಅಂತ ಸ್ವಲ್ಪ ಜೋರಾಗಿಯೇ ಅಂದಿತು. ನಾನು ಓದಿ ಹೇಳಿದೆ. ಗುರುತಿಲ್ಲದವರಿಗೆ ಓದುವ ಹಾಗೆ, ದನಿ ಗಟ್ಟಿ ಮಾಡಿಕೊಂಡು ಓದಿದೆ.

ಅವಳು ಎಲ್ಲಾ ಕೇಳಿದಳು.

"ನದಿ ನಮ್ಮ ಕಡೆ ತಿರುಗಿದೆ ಅಂತೀರಾ? ಎರಡು ವರ್ಷದಿಂದ ನಾನೇ ನಿಂತಿದೀನಲ್ಲ ಸಾಹೇಬ್ರೇ. ನನ್ನ ಕಾಲಿಗೆ ಗೊತ್ತಾಗ್ಲಿಲ್ವಲ್ಲ. ಅಲ್ಲೊಂದು ಕಬ್ಬಿಣದ ತುಂಡಿದೆ, ಅಪ್ಪ ತೋರ್ಸಿದ್ದು. ಅದು ಅಲ್ಲೇ ಇದೆ."

"ಅಳತೆ ಹಾಗೆ ಬಂದಿದೆ," ಅಂದೆ.

"ನಾನು ಕೈ ಸರಿಯಾಗಿ ಇಟ್ಟಿರ್ಲಿಲ್ವಾ ಹಾಗಾದ್ರೆ? ನನ್ನದೇ ತಪ್ಪಾ?"

ಕಾಗದ ಮಡಿಚಿ ಸರಳಿನ ಸಂದಿಯಿಂದ ಕೊಟ್ಟೆ. ಅವಳು ಹೋದ ಮೇಲೆ ದುರ್ಬೀನಿನವ ಕಿಟಕಿ ಮುಚ್ಚಿದ. "ಏನ್ ವಾಸನೆ ಮಾರಾಯಾ," ಅಂದ.

ಅವಳು ಕೆಳದಂಡೆಯೆಲ್ಲಾ ತಿರುಗಿ ತಪ್ಪು ತನ್ನದು ಅಂತ ಹೇಳಿಕೊಂಡು ಬಂದಳಂತೆ. ಗಿಡ್ಡಿ ಸರಿಯಾಗಿ ನಿಲ್ಲಲಿಲ್ಲ, ಅದಕ್ಕೇ ಮನೆ ಹೋಗುತ್ತದೆ ಅಂತ ಕೆಲವರು ಅವಳ ಬಾಗಿಲಿಗೆ ಬಂದು ಬೈದರಂತೆ. ಮೊದಲ ಸಾಲಿನ ಏಳು ಮನೆಯವರು ಅಳತೆಗೂ ಕಾಯಲಿಲ್ಲ. ತಗಡು ಬಿಚ್ಚಿ, ಪಾತ್ರೆ ಕಟ್ಟಿ, ಗಾಡಿ ಹತ್ತಿಬಿಟ್ಟರು. ಇದನ್ನೆಲ್ಲಾ ನನಗೆ ಹೇಳಿದ್ದು ಮೆಟ್ಟಿಲ ಬಳಿ ಬೂಟು ರಿಪೇರಿ ಮಾಡುವವನು. ಅವನು ಹೊಲಿಯುತ್ತಿದ್ದದ್ದು ನನ್ನ ಬೂಟೇ.

ಆ ಸಂಜೆ ನಾನು ಕೆಳಗಿಳಿದೆ. ಒಂದು ವರ್ಷದ ಮೇಲಾಗಿತ್ತು. ಅಕ್ಕ ಒಲೆ ಮುಂದೆ ಕೂತಿದ್ದಳು. ಮೊಳೆಗೆ ಅಪ್ಪನ ಅಂಗಿ ನೇತುಬಿದ್ದಿತ್ತು.

"ಊಟ ಮಾಡ್ತೀಯಾ?" ಅಂದಳು. ತಟ್ಟೆ ಎಳೆದುಕೊಂಡಳು.

ನಾನು ಹೇಳಿದೆ. ಪಟ್ಟಿಯ ವಿಷಯ ಹೇಳಿದೆ. ಅವಳ ಕುತ್ತಿಗೆ ಅಪ್ಪನ ಸೊಂಟಕ್ಕಿಂತ ಒಂದಿಷ್ಟೇ ಮೇಲೆ ಅಂತ ಹೇಳಿದೆ. ನದಿ ತಿರುಗಿಲ್ಲ, ನೀನು ಕೈ ಸರಿಯಾಗೇ ಇಟ್ಟಿದ್ದೆ, ತಪ್ಪಿದ್ದು ಲೆಕ್ಕ ಅಂತ ಹೇಳಿದೆ. ಅವಳು ಎದ್ದು ಹೋಗಿ ಅಂಗಿ ತೆಗೆದು ಮೈಗೆ ಹಿಡಿದುಕೊಂಡು ನೋಡಿದಳು. ಅವಳಿಗೆ ನನಗಿಂತ ಬೇಗ ಅರ್ಥವಾಯಿತು.

"ಇದು ನಿನಗೆ ಯಾವಾಗಿಂದ ಗೊತ್ತು?"

"ಮೊದಲ್ನೇ ವರ್ಷದಿಂದ."

"ಅಂದ್ರೆ ಅವತ್ತು ಕಿಟಕಿ ಹತ್ರ ನನ್ನ ತಪ್ಪಾ ಅಂತ ಕೇಳ್ದಾಗ?"

"ಗೊತ್ತಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಟ್ಟೆಯನ್ನು ಗೋಡೆಗೆ ಒರಗಿಸಿಟ್ಟಳು, ಖಾಲಿಯಾಗಿಯೇ.

"ಕತ್ತಲಾಗೋ ಮುಂಚೆ ಹೋಗಿ ಸಾಹೇಬ್ರೇ," ಅಂದಳು. "ಮೆಟ್ಟಿಲು ಜಾರುತ್ತೆ."

ಮನೆಯಲ್ಲಿ ನಾವಿಬ್ಬರೇ ಇದ್ದೆವು. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಮೂರನೇ ಅಳತೆಯ ದಿನ ಬಿಸಿಲು ಚುರುಗುಟ್ಟುತ್ತಿತ್ತು, ನೀರು ಮಾತ್ರ ತಣ್ಣಗೆ ಕೊರೆಯುತ್ತಿತ್ತು. ದಡದಲ್ಲಿ ಶಾಮಿಯಾನ, ಕುರ್ಚಿ, ಮೇಜು. ಆ ದೇಶದ ಅಧಿಕಾರಿ ದೋಣಿಯಲ್ಲಿ ಬಂದು ಕೂತಿದ್ದ. ದೊಡ್ಡ ಸಾಹೇಬರು ರುಜು ಹಾಕುವ ಪೆನ್ನನ್ನು ಮೊದಲೇ ತೆಗೆದಿಟ್ಟುಕೊಂಡಿದ್ದರು. ಇಪ್ಪತ್ತನಾಲ್ಕು ಜನ ಇಳಿದರು. ಸೀಟಿ ಆಯಿತು.

"ಒಂದು, ಪಾದ. ಎರಡು, ಪಾದ. ಮೂರು, ಮೊಣಕಾಲು." ದುರ್ಬೀನಿನವ ಕೂಗುತ್ತಾ ಹೋದ. ಎಂಟರವರೆಗೆ ಹೋಗಿ ನಿಂತ.

"ಒಂಬತ್ತು ಕೈ ಇಟ್ಟಿಲ್ಲ ಸಾರ್."

"ನಿದ್ದೆ ಹೋಗಿದಾಳಾ?"

"ಇಲ್ಲ ಸಾರ್. ನಮ್ಮನ್ನೇ ನೋಡ್ತಿದಾಳೆ."

ಮೊದಲ ಸೀಟಿಯನ್ನೇ ಇನ್ನೊಂದು ಸಲ ಊದಿಸಿದರು. ಅವಳು ಎರಡೂ ಕೈಯನ್ನು ನೀರಿನ ಮೇಲೆ ಎತ್ತಿ ಹಿಡಿದಳು, ಖಾಲಿ ಕೈ. ಎಂಟರವನು ಕೈ ತೆಗೆದ. ಹತ್ತರವಳು ತೆಗೆದಳು. ಹಗ್ಗದ ಉದ್ದಕ್ಕೂ ಕೈಗಳು ಒಂದೊಂದಾಗಿ ಮೈಯಿಂದ ಬಿಟ್ಟುಕೊಂಡವು. ಅರವತ್ತು ವರ್ಷದಲ್ಲಿ ಎರಡನೇ ಸೀಟಿಯಿಲ್ಲದೆ ಯಾರೂ ನೀರಿನಿಂದ ಮೇಲೆ ಬಂದಿರಲಿಲ್ಲ. ಅಕ್ಕ ಬಂದಳು. ಅವಳ ಹಿಂದೆ ಎಲ್ಲರೂ ಬಂದರು.

ಮೇಜಿನ ಮುಂದೆ ಬಂದು ನಿಂತಳು. ಅಪ್ಪನ ಅಂಗಿಯಿಂದ ನೀರು ಸುರಿಯುತ್ತಿತ್ತು. ಹಿಮ್ಮಡಿಯಿಂದ ರಕ್ತ.

"ಮೊದ್ಲು ನನ್ನ ಅಳೀರಿ," ಅಂದಳು. "ಆಮೇಲೆ ನದಿ."

ದೊಡ್ಡ ಸಾಹೇಬರು ನಕ್ಕರು. "ನಿನ್ನ ಅಳೆದು ಏನಮ್ಮಾ ಮಾಡೋದು? ಅಂಗಿ ಹೊಲಿಸ್ಬೇಕಾ?"

ಕುರ್ಚಿಯವರೆಲ್ಲಾ ನಕ್ಕರು.

"ಹೊಲಿಸೋದು ಬೇಡ. ನಮ್ಮಪ್ಪಂದು ಹಾಕ್ಕೊಂಡಿದೀನಿ. ಅದೇ ತಪ್ಪಾಗಿರೋದು." ಕೈಯನ್ನು ಕುತ್ತಿಗೆಗೆ ಇಟ್ಟುಕೊಂಡಳು. "ಇಷ್ಟು ನೀರು. ಇದನ್ನ ಐದಡಿ ಅಂತ ಬರ್ದಿದೀರಂತೆ. ನಾನು ತಲೆಯಿಂದ ಕಾಲವರೆಗೂ ಐದಡಿ ಇಲ್ಲ. ಟೇಪಿದ್ಯಲ್ಲ, ಹಿಡಿದು ನೋಡಿ."

ಟೇಪು ನನ್ನ ಚೀಲದಲ್ಲಿತ್ತು. ಅವಳು ನನ್ನ ಕಡೆ ತಿರುಗಿದಳು. "ಸಾಹೇಬ್ರೇ, ಅಳೀರಿ."

ಆಗಲೂ ಹೆಸರು ಹಿಡಿಯಲಿಲ್ಲ, ತಮ್ಮ ಅನ್ನಲಿಲ್ಲ. ನನ್ನನ್ನು ಬಯಲಿಗೆ ಎಳೆಯುವುದಕ್ಕೆ ಅವಳಿಗೆ ಒಂದೇ ಮಾತು ಸಾಕಿತ್ತು. ಆಡಲಿಲ್ಲ.

ನಾನು ತಕ್ಷಣ ಎದ್ದು ನಿಂತೆ ಅಂತ ಬರೆಯಬೇಕು ಅನಿಸುತ್ತದೆ. ಎದ್ದಿಲ್ಲ. ಪುಸ್ತಕದ ಗೆರೆ ನೋಡುತ್ತಾ ಕೂತಿದ್ದೆ. ಇಪ್ಪತ್ತನಾಲ್ಕು ಜನ ಮರಳಿನ ಮೇಲೆ ನಡುಗುತ್ತಾ ನಿಂತಿದ್ದರು. ಒಂದನೇ ನಂಬರಿನ ಮುದುಕಿಯ ಹಲ್ಲು ಕಟಕಟ ಅನ್ನುವುದು ನನಗೆ ಕೇಳುತ್ತಿತ್ತು. ಪೊಲೀಸಿನವನೊಬ್ಬ ಲಾಠಿ ನೆಲಕ್ಕೆ ತಟ್ಟುತ್ತಾ ಹತ್ತಿರ ಬಂದ. ಲಾಠಿಯ ತುದಿಯಿಂದ ಅಕ್ಕನ ಭುಜ ನೂಕಿದ. ಅವಳು ಒಂದು ಹೆಜ್ಜೆ ಹಿಂದೆ ಹೋದಳು, ಮತ್ತೆ ಒಂದು ಹೆಜ್ಜೆ ಮುಂದೆ ಬಂದಳು. ಅವನು ಇನ್ನೊಂದು ಸಲ ನೂಕಿದ. ಅವಳು ಇನ್ನೊಂದು ಸಲ ಬಂದಳು. ಮೂರನೇ ಸಲ ನೂಕಿದಾಗ ನಾನು ಎದ್ದೆ. ಎರಡು ಸಲ ಕೂತು ನೋಡಿದ್ದೇನೆ.

ಅವಳ ಮುಂದೆ ಮೊಣಕಾಲೂರಿ ಟೇಪಿನ ತುದಿಯನ್ನು ಹಿಮ್ಮಡಿಗೆ ಹಿಡಿದೆ. ಹಿಮ್ಮಡಿ ಕಲ್ಲಿನಷ್ಟು ತಣ್ಣಗಿತ್ತು. ಬೆರಳಿಗೆ ರಕ್ತ, ಮರಳು ಹತ್ತಿತು. ಟೇಪನ್ನು ಕುತ್ತಿಗೆಯವರೆಗೆ ಎಳೆದೆ. ಅವಳು ನನ್ನ ಮುಖ ನೋಡಲಿಲ್ಲ.

"ನಾಲ್ಕು ಅಡಿಗೆ ಒಂದಿಂಚು ಕಮ್ಮಿ," ಅಂತ ಓದಿದೆ. ಎಲ್ಲರಿಗೂ ಕೇಳುವ ಹಾಗೆ ಇನ್ನೊಂದು ಸಲ ಓದಿದೆ.

ದೊಡ್ಡ ಸಾಹೇಬರು ಬಗ್ಗಿ ಮೆಲ್ಲಗೆ ಹೇಳಿದರು. "ಆಯ್ತಲ್ಲ ನಾಟಕ. ಹೋದ ವರ್ಷದ್ದೇ ಬರಿ."

"ಬರೆಯಲ್ಲ ಸಾರ್."

"ಏನಂದೆ?"

"ಬರೆಯಲ್ಲ. ಎರಡು ವರ್ಷ ಸುಳ್ಳು ಬರ್ದಿದೀನಿ. ಇವಳು ನಮ್ಮಕ್ಕ. ನಾನು ಕೆಳದಂಡೆಯವನು."

ಆಗ ಅಕ್ಕ ಬಾಯಿ ತೆಗೆದಳು. "ಸಾಹೇಬ್ರಿಗೆ ಬಿಸಿಲಿಗೆ ತಲೆ ತಿರುಗಿದೆ," ಅಂದಳು. "ಏನೇನೋ ಮಾತಾಡ್ತಿದಾರೆ. ನಂಗೆ ತಮ್ಮ ಯಾರೂ ಇಲ್ಲ."

ಅದು ನನ್ನ ಕೆಲಸ ಉಳಿಸುವುದಕ್ಕೆ ಹೇಳಿದ್ದೋ, ನಿಜವಾಗಿಯೇ ಹೇಳಿದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಪುಸ್ತಕ ತೆಗೆದುಕೊಂಡು ಬರೆದೆ: ಒಂಬತ್ತು, ಮೂರು ಅಡಿ ಹನ್ನೊಂದು ಇಂಚು. ನಂಬರಿನ ಪಕ್ಕದಲ್ಲಿ ಖಾಲಿ ಜಾಗ ಇರುತ್ತದೆ, ಯಾರೂ ಯಾವತ್ತೂ ಏನೂ ತುಂಬುವುದಿಲ್ಲ. ಅಲ್ಲಿ ಬರೆದೆ: ನನ್ನ ಅಕ್ಕ.

ಆ ದೇಶದ ಅಧಿಕಾರಿ ರುಜು ಹಾಕದೆ ದೋಣಿ ಹತ್ತಿದ. ಸಿಕ್ಕ ನದಿಯನ್ನು ಯಾರು ವಾಪಸು ಕೊಡುತ್ತಾರೆ? ವಿಷಯ ಎರಡೂ ರಾಜಧಾನಿಗಳಿಗೆ ಹೋಯಿತು. ರುಜು ಇಲ್ಲದ ಅಳತೆ ಅಳತೆಯಲ್ಲ, ಹಾಗಾಗಿ ಮನೆ ಕೀಳುವ ಹಾಗಿಲ್ಲ. ಸದ್ಯಕ್ಕೆ ಮೂರು ಸಾಲು ನಿಂತಿವೆ, ಮೊದಲ ಸಾಲು ಅರ್ಧ. ತಗಡು ಬಿಚ್ಚಿಕೊಂಡು ಹೋದ ಏಳು ಮನೆಯವರಿಗೆ ಹೇಳಿ ಕಳಿಸೋಣ ಅಂದರೆ ಅವರು ಎಲ್ಲಿಗೆ ಹೋದರು ಅಂತ ಯಾರಿಗೂ ಗೊತ್ತಿಲ್ಲ. ನಾನು ಎರಡು ಊರು ತಿರುಗಿ ಹುಡುಕಿದೆ. ಸಿಗಲಿಲ್ಲ. ಅವರ ಒಲೆಯ ಕಲ್ಲುಗಳು ಇನ್ನೂ ಅಲ್ಲೇ ಇವೆ, ದಾಟಿಕೊಂಡು ಓಡಾಡುತ್ತೇನೆ.

ಅರ್ಜಿಯಲ್ಲಿ ಸುಳ್ಳು ಬರೆದದ್ದಕ್ಕೆ ನನ್ನನ್ನು ಕೆಲಸದಿಂದ ತೆಗೆದರು. ಲೆಕ್ಕದಲ್ಲಿ ಸುಳ್ಳು ಬರೆದದ್ದಕ್ಕೆ ಯಾರೂ ಏನೂ ಅನ್ನಲಿಲ್ಲ. ಮೇಲಿನ ಬೀದಿಯ ರೂಮಿನವರು ನನ್ನ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟಿದ್ದರು. ಹೊತ್ತುಕೊಂಡು ಕೆಳಗಿಳಿದೆ. ಅಕ್ಕನ ಮನೆಗೆ ಹೋಗುವ ಮುಖ ಇರಲಿಲ್ಲ. ಖಾಲಿ ಬಿದ್ದ ಒಂದು ಮನೆಗೆ ತಗಡು ಹೊದಿಸಿಕೊಂಡು ಇದ್ದೇನೆ. ದಿನಾ ಮರಳು ಹೊರುತ್ತೇನೆ. ಅಕ್ಕ ಎದುರಿಗೆ ಸಿಕ್ಕರೆ ದಾರಿ ಬಿಟ್ಟು ನಿಲ್ಲುತ್ತಾಳೆ, ಸಾಹೇಬರಿಗೆ ಬಿಡುವ ಹಾಗೆ.

ಈ ವರ್ಷ ಮತ್ತೆ ಅಳತೆ ಬಂತು. ಕೆಳದಂಡೆಯವರು ಒಂದೇ ಮಾತು ಹೇಳಿ ಕಳಿಸಿದರು. ಇಳಿಯುವ ಪ್ರತಿಯೊಬ್ಬರನ್ನೂ ದಡದಲ್ಲಿ ಮೊದಲು ಅಳೆಯಬೇಕು, ಪಾದದಿಂದ ಕುತ್ತಿಗೆಯವರೆಗೆ, ನಮ್ಮವರ ಕೈಯಲ್ಲೇ. ಅದನ್ನು ಪುಸ್ತಕದಲ್ಲಿ ಹೆಸರಿನ ಸಮೇತ ಬರೆಯಬೇಕು. ಇಲ್ಲದಿದ್ದರೆ ಸಾಹೇಬರುಗಳೇ ಇಳಿಯಲಿ. ಹೊಸ ಸಾಹೇಬರು ಹಲ್ಲು ಕಡಿದುಕೊಂಡು ಒಪ್ಪಿದರು.

ಟೇಪು ಅಕ್ಕನ ಕೈಯಲ್ಲಿತ್ತು. ನಾನು ಸಾಲಿನಲ್ಲಿ ನಿಂತಿದ್ದೆ, ಎಂಟರವನ ಹಿಂದೆ. ಯಾರೂ ನನ್ನನ್ನು ಕರೆದಿರಲಿಲ್ಲ. ಆ ಬೆಳಿಗ್ಗೆ ನನ್ನ ತಗಡಿನ ಬಾಗಿಲಿಗೆ ಅಪ್ಪನ ಅಂಗಿ ನೇತಾಡುತ್ತಿತ್ತು, ಅದನ್ನು ಹಾಕಿಕೊಂಡು ಬಂದಿದ್ದೆ. ನನಗೆ ಅದು ಸರಿಯಾಗಿ ಕೂತಿತ್ತು.

ನನ್ನ ಸರದಿ ಬಂತು. ಅವಳು ಬಗ್ಗಿ ಟೇಪಿನ ತುದಿಯನ್ನು ಹಿಮ್ಮಡಿಗೆ ಹಿಡಿದಳು. ಮೊಣಕಾಲು ಓದಿದಳು. ಸೊಂಟ ಓದಿದಳು, ಮೂರೂವರೆ ಅಡಿ. ಎದೆ ಓದಿದಳು. ಅವಳ ಕೈ ಕುತ್ತಿಗೆಗೆ ಎಟುಕದೆ ಕಲ್ಲಿನ ಮೇಲೆ ಹತ್ತಿ ನಿಂತಳು. ನಾನು ನನ್ನ ಬರಿಗಾಲು ನೋಡುತ್ತಿದ್ದೆ.

"ತಲೆ ಎತ್ತೋ," ಅಂದಳು ಅಕ್ಕ. "ತಗ್ಗಿಸ್ಕೊಂಡು ನಿಂತ್ರೆ ಅಳತೆ ತಪ್ಪುತ್ತೆ."

ಎತ್ತಿದೆ. ಅವಳು ಓದಿ ಮುಗಿಸುವವರೆಗೆ ಎತ್ತಿ ಹಿಡಿದುಕೊಂಡಿರುವುದು ಕಷ್ಟವಾಯಿತು.